ಎತ್ತು ಏನು ಮಾಡಿತ್ತು?

ಸುರಪುರ,
ನಾಗರ ಪಂಚಮಿ ಕಳೆದು ಮೂರನೇ ದಿನ

ಚಿ. ನೀಲವ್ವಗೆ ಮುತ್ಯಾನ ಆಶೀರ್ವಾದಗಳು.

ನಿನ್ನ ಪತ್ರ ಬಂದು ಎಂಟು ದಿನವಾಯಿತು. ಈ ಕಾಲದಾಗ ಪತ್ರ ಯಾರು ಬರೀತಾರ, ಫೋನ್ ಮಾಡಿ ಹೇಳಬಾರದಾ ಅಂತ ನಿನ್ನವ್ವ ಗೊಣಗಿದಳು. ಆಕೆಗೆ ಪತ್ರ ತೋರಿಸಿಲ್ಲ. ನಿಮ್ಮ ರೂಮಿನ ಹತ್ತಿರದ ಸರ್ಕಲ್ಲಿನಲ್ಲಿ ಮೊಬೈಲ್ ಕದ್ದನೆಂಬ ಅನುಮಾನದ ಮೇಲೆ ಒಬ್ಬ ಹುಡುಗನನ್ನು ಲೈಟಿನ ಕಂಬಕ್ಕೆ ಕಟ್ಟಿದ್ದು, ನಾಲ್ಕು ಜನ ಹೊಡೆದದ್ದು, ನಲವತ್ತು ಜನ ವಿಡಿಯೊ ಮಾಡಿದ್ದು, ಒಬ್ಬ ಬೆಲ್ಟ್ ತಿರುಗಿಸಿ ಹಿಡಿದು ಬಕಲ್ಲಿನ ಕಡೆಯಿಂದ ಬೀಸಿದ್ದು ಎಲ್ಲ ಬರೆದಿದ್ದೀ. ಮರುದಿನ ಪೇಪರಿನಲ್ಲಿ ‘ಮೃಗೀಯ ಕೃತ್ಯ’ ಎಂದು ಹೆಡ್ಡಿಂಗ್ ಬಂತಂತೆ. ಕೊನೆಗೆ ಕೇಳಿದ್ದೀ: ‘ಮುತ್ಯಾ, ನೀ ಮೂವತ್ತೈದು ವರ್ಷ ದನದ ದವಾಖಾನಿಯೊಳಗ ಇದ್ದಾವ. ಪ್ರಾಣಿಗಳು ಹಿಂಗ ಮಾಡ್ತಾವೇನು?’

ಕಂಪೌಂಡರ್ ಆಗಿ ಸೇರಿದವನು ನಾನು. ದೊಡ್ಡ ಓದು ಓದಿದವನಲ್ಲ. ಆದರೆ ಗಾಯ ನೋಡಿದ್ದೇನೆ. ಗಾಯ ನೋಡಿದರೆ ಅದನ್ನು ಮಾಡಿದವರು ಯಾರು ಎಂದು ಹೇಳಬಲ್ಲೆ. ಎರಡು ಹೋರಿ ಕಾದಾಡಿದರೆ ಗಾಯ ಹೆಚ್ಚಾಗಿ ಮುಂದಿನ ಭಾಗದಲ್ಲಿ ಇರುತ್ತದೆ: ಕುತ್ತಿಗೆ, ಭುಜ, ಅಪರೂಪಕ್ಕೆ ಹೊಟ್ಟೆ. ಕೊಂಬು ಇರಿದ ತೂತು ಹೊರಗೆ ರೂಪಾಯಿಯಷ್ಟು ಕಾಣುತ್ತದೆ, ಒಳಗೆ ಅಂಗೈ ಹೋಗುವಷ್ಟು ಸೀಳಿರುತ್ತದೆ. ನಾಯಿ ಕಚ್ಚಿದರೆ ಕಿವಿ, ಮುಂಗಾಲು. ಕುರಿಗಾರರು ಹೆಗಲ ಮೇಲೆ ಹೊತ್ತು ತರುತ್ತಿದ್ದ ತೋಳ ಹಿಡಿದ ಕುರಿಗೆ ಗಂಟಲಿನಲ್ಲಿ ನಾಲ್ಕು ಹಲ್ಲಿನ ಗುರುತು. ಬಾಲ ಕತ್ತರಿಸಿದ್ದು, ಬೆನ್ನ ಮೇಲೆ ಕುದಿಯುವ ನೀರು ಸುರಿದದ್ದು, ಹಿಂಗಾಲಿನ ನರ ಕಡಿದದ್ದು ಬಂದರೆ ಕೇಳುವ ಅಗತ್ಯವೇ ಇರಲಿಲ್ಲ. ಅದು ಯಾವ ಮೃಗದ ಕೆಲಸವೂ ಅಲ್ಲ.

ಹಾಗೆಂದು ಪ್ರಾಣಿಗಳ ಪರವಾಗಿ ವಕಾಲತ್ತು ಹಾಕುತ್ತೇನೆ ಅಂತ ತಿಳಿಯಬೇಡ. ಪ್ರಾಣಿಗಳೆಲ್ಲ ಸಾಧು, ಮನುಷ್ಯನೊಬ್ಬನೇ ಪಾಪಿ ಎನ್ನುವುದು ಭಾಷಣಕ್ಕೆ ಚೆಂದ. ಗೋವಿನ ಹಾಡಿನ ಹುಲಿ ನಾಚಿಕೆಯಿಂದ ಪ್ರಾಣ ಬಿಟ್ಟದ್ದು ಹಾಡಿನಲ್ಲಿ ಮಾತ್ರ. ಆ ನಾಚಿಕೆ ನಮ್ಮದು, ಹುಲಿಗೆ ಕೊಟ್ಟು ನೋಡಿದ್ದೇವೆ ಅಷ್ಟೆ.

ನೀನಿರುವ ಊರಿನದೇ ಒಂದು ಸಂಗತಿ ಹೇಳುತ್ತೇನೆ. 1961ರಿಂದ 1963ರವರೆಗೆ ಯುಕಿಮಾರು ಸುಗಿಯಾಮಾ ಎಂಬ ಜಪಾನಿನ ವಿಜ್ಞಾನಿಯೊಬ್ಬರು ಧಾರವಾಡದ ಸುತ್ತಲಿನ ಕಾಡಿನಲ್ಲಿ ಕರಿಮೋತಿಯ ಮುಸುವಗಳ ಹಿಂದೆ ತಿರುಗಾಡಿದರು. ಒಂದು ಹಿಂಡಿಗೆ ಒಂದೇ ದೊಡ್ಡ ಗಂಡು, ಉಳಿದವು ಹೆಣ್ಣು ಮತ್ತು ಮರಿ. 1962ರಲ್ಲಿ ಹೊರಗಿನ ಗಂಡುಗಳ ಗುಂಪೊಂದು ಇಂಥ ಹಿಂಡಿನ ಮೇಲೆ ಬಿದ್ದು ಯಜಮಾನನನ್ನು ಓಡಿಸಿತು. ಬಂದ ಗಂಡುಗಳಲ್ಲೂ ಒಂದೇ ಉಳಿದು ಮಿಕ್ಕವನ್ನು ಅಟ್ಟಿತು. ಆಮೇಲೆ ಅದು ತಾಯಂದಿರ ಎದೆಗೆ ಅವಚಿಕೊಂಡಿದ್ದ ಮರಿಗಳನ್ನು ಒಂದೊಂದಾಗಿ ಕಚ್ಚಿ ಕೊಂದಿತು. ಸ್ವಲ್ಪ ದಿನಕ್ಕೆ ಆ ತಾಯಂದಿರೇ ಅದರ ಜೊತೆ ಕೂಡಿದವು. ಮುಂದೆ 1970ರ ದಶಕದಲ್ಲಿ ಅಬು ಬೆಟ್ಟದ ಮುಸುವಗಳನ್ನು ನೋಡಿದ ಸಾರಾ ಹರ್ಡಿ ಎಂಬಾಕೆ ಇದರ ಲೆಕ್ಕ ಬಿಡಿಸಿದರು: ಹಾಲು ಕುಡಿಸುವ ತಾಯಿ ಬೆದೆಗೆ ಬರುವುದಿಲ್ಲ, ಹೊಸ ಯಜಮಾನನ ಗಾದಿ ಹೆಚ್ಚು ದಿನದ್ದಲ್ಲ, ಆದ್ದರಿಂದ ಹಿಂದಿನವನ ಮರಿ ಹೋದರೆ ತನ್ನ ಮರಿ ಬೇಗ ಹುಟ್ಟುತ್ತದೆ. ಮುಸುವಕ್ಕೆ ಈ ಲೆಕ್ಕ ಗೊತ್ತಿಲ್ಲ. ಗೊತ್ತಿಲ್ಲದೆಯೂ ಲೆಕ್ಕ ತಪ್ಪುವುದಿಲ್ಲ.

ಈ ಕಥೆಯಲ್ಲಿ ನನ್ನನ್ನು ಬಹಳ ದಿನ ಕಾಡಿದ್ದು ಬೇರೆಯೇ. ಸುಗಿಯಾಮಾ ಇನ್ನೊಂದು ಹಿಂಡಿನ ಯಜಮಾನ ಗಂಡನ್ನು ತಾವೇ ಹಿಡಿದು ಹೊರಗೆ ತೆಗೆದರು, ಏನಾಗುತ್ತದೆಂದು ನೋಡಲು. ಪಕ್ಕದ ಹಿಂಡಿನ ಗಂಡು ಬಂತು. ಅಲ್ಲಿಯೂ ಮರಿಗಳು ಸತ್ತವು. ಆ ಪಂಡಿತರನ್ನು ನಾನು ದೂರುತ್ತಿಲ್ಲ. ಅವರು ಬರೆದಿಟ್ಟದ್ದರಿಂದ ಪ್ರಪಂಚ ಬಹಳ ಕಲಿತಿದೆ. ಆದರೂ ಕೇಳು ನೀಲವ್ವ, ನೀನು ಕಾನೂನು ಓದುವವಳು: ಎರಡನೇ ಹಿಂಡಿನ ಮರಿಗಳನ್ನು ಕೊಂದವರು ಯಾರು? ಹಲ್ಲು ಮುಸುವದ್ದು. ಆದರೆ ಬಾಗಿಲು ತೆರೆದ ಕೈ, ನೋಟ್‌ಬುಕ್ ಹಿಡಿದ ಕೈ ಮುಸುವದ್ದಲ್ಲ.

ಸ್ವಜಾತಿಯನ್ನು ಪ್ರಾಣಿ ಕೊಲ್ಲುವುದಿಲ್ಲ ಎಂಬ ಮಾತನ್ನು ನಾವು ಸಣ್ಣವರಿದ್ದಾಗ ಮಾಸ್ತರರು ಹೇಳುತ್ತಿದ್ದರು. ಅದು ಸುಳ್ಳು. 2016ರಲ್ಲಿ ಸ್ಪೇನಿನ ವಿಜ್ಞಾನಿಗಳ ತಂಡ ಸಾವಿರಕ್ಕೂ ಹೆಚ್ಚು ಜಾತಿಯ ಸಸ್ತನಿಗಳ ಸಾವಿನ ಲೆಕ್ಕ ಹಾಕಿತು. ಸರಾಸರಿ ಸಾವಿರ ಸಾವಿನಲ್ಲಿ ಮೂರು ಸ್ವಜಾತಿಯಿಂದ ಆದವು. ಮೀರ್‌ಕ್ಯಾಟ್ ಎಂಬ ಮುಂಗುಸಿ ಬಳಗದ ಪುಟ್ಟ ಪ್ರಾಣಿಯಲ್ಲಿ ಹೆಚ್ಚುಕಡಿಮೆ ಐದರಲ್ಲಿ ಒಂದು. ಟಿವಿಯಲ್ಲಿ ಎರಡು ಕಾಲ ಮೇಲೆ ನಿಂತು ನೋಡುತ್ತದಲ್ಲ, ಎಲ್ಲರೂ ಮುದ್ದು ಎನ್ನುತ್ತಾರಲ್ಲ, ಅದೇ. ಮನುಷ್ಯ ಮೊದಲು ಕಾಣಿಸಿಕೊಂಡಾಗ ಅವನ ಪಾಲು ನೂರಕ್ಕೆ ಎರಡರಷ್ಟಿತ್ತು ಎಂದು ಅವರ ಅಂದಾಜು, ನಮ್ಮ ಹತ್ತಿರದ ಕೋತಿ ಬಳಗದ ಹಾಗೆಯೇ. ಅಂದರೆ ಮನೆತನದ ಗುಣ. ಆಮೇಲೆ ಅದು ಕಾಲಕ್ಕೆ ತಕ್ಕಂತೆ ಏರಿದೆ, ಇಳಿದಿದೆ. ನನಗೆ ಮುಖ್ಯವೆನಿಸಿದ್ದು ಈ ಏರಿಳಿತ. ಮನೆತನದ ಗುಣವೇ ಎಲ್ಲವೂ ಆಗಿದ್ದರೆ ಅದು ಇಷ್ಟು ಏರಿಳಿಯಬಾರದಿತ್ತು.

ಗೆಳೆತನ ಮಾಡಿ ಕೊಲ್ಲುವುದು ಮನುಷ್ಯ ಮಾತ್ರ ಅನ್ನುತ್ತೀಯಾ? ಆಫ್ರಿಕದ ಗೊಂಬೆ ಎಂಬಲ್ಲಿ ಜೇನ್ ಗುಡಾಲ್ ನೋಡಿದ ಚಿಂಪಾಂಜಿಗಳು 1974ರಿಂದ ನಾಲ್ಕು ವರ್ಷ ತಮ್ಮಿಂದಲೇ ಒಡೆದುಹೋದ ಗುಂಪಿನ ಗಂಡುಗಳನ್ನು ಒಂದೊಂದಾಗಿ ಹಿಡಿದು ಮುಗಿಸಿದವು. ಒಂದು ಕಾಲಕ್ಕೆ ಒಂದರ ಮೈಯ ಹೇನು ಇನ್ನೊಂದು ಹೆಕ್ಕಿದಂಥವೇ ಅವು. ಆ ಮಾತೂ ಹೋಯಿತು.

ಹಾಗಾದರೆ ವ್ಯತ್ಯಾಸವೇ ಇಲ್ಲವೇ? ಇದೆ. ಅದನ್ನು ನನಗೆ ಕಲಿಸಿದ್ದು ಒಂದು ಎತ್ತು.

ನಾರಾಯಣಪುರ ಎಡದಂಡೆ ಕಾಲುವೆಯ ನೀರು ನಮ್ಮ ಕಡೆ ಹರಿಯತೊಡಗಿದ ಹೊಸತು. ಜೋಳ, ತೊಗರಿ ಬೆಳೆಯುತ್ತಿದ್ದ ಹೊಲಕ್ಕೆ ಭತ್ತದ ಆಸೆ ಹುಟ್ಟಿತ್ತು. ಗೇಣು ಬದುವಿಗೂ ಬೆಲೆ ಬಂದಿತ್ತು. ಬಿತ್ತನೆಯ ಮಿರಗದ ಮಳೆಗೆ ಹತ್ತು ದಿನ ಇರುವಾಗ ಒಂದು ಬೆಳಿಗ್ಗೆ ಬಂಡಿಯಲ್ಲಿ ಮಲಗಿಸಿ ಒಂದು ಖಿಲಾರಿ ಎತ್ತು ತಂದರು. ಬಿಳಿ ಎತ್ತು. ಬಲ ಹಿಂಗಾಲಿಗೆ, ಮೊಣಕಾಲ ಗಂಟಿನ ಮೇಲೆ, ಕೊಡಲಿ ಏಟು. ಒಂದೇ ಏಟು, ಅಳೆದು ಹಾಕಿದ್ದು. ಸಿಗಿದ ಕಬ್ಬಿನ ಹಾಗೆ ನರದ ಎಳೆ ಬಿಳಿಯಾಗಿ ಕಾಣುತ್ತಿತ್ತು. ಅದರ ಒಡೆಯ ಅಳಲಿಲ್ಲ. ಕೊಂಬಿಗೆ ಕಟ್ಟಿದ್ದ ಗೊಂಡೆ ಬಿಚ್ಚಿ ಕಿಸೆಗೆ ಹಾಕಿಕೊಂಡ. ‘ಬದುವಿನ ಜಗಳ ನನ್ನ ಜೋಡಿ ಇತ್ರಿ, ಎತ್ತು ಏನು ಮಾಡಿತ್ತು?’ ಎಂದ.

ಹೊಲಿಗೆ ಹಾಕಿದೆವು. ನೋವಿದ್ದ ದನ ಮೆಲುಕು ಹಾಕುವುದಿಲ್ಲ, ನಿನಗೆ ಗೊತ್ತಿರಲಿಕ್ಕಿಲ್ಲ. ನಾವು ನಾಡಿ ನೋಡುವ ಮೊದಲು ದವಡೆ ನೋಡುತ್ತೇವೆ. ಆ ಎತ್ತಿನ ದವಡೆ ಎರಡು ದಿನ ಅಲುಗಲಿಲ್ಲ.

ಒಬ್ಬನ ಮೇಲಿನ ಸಿಟ್ಟು ಇನ್ನೊಬ್ಬರ ಮೇಲೆ ತೀರಿಸಿಕೊಳ್ಳುವುದು ಮಂಗಗಳಲ್ಲೂ ಇದೆ. ದೊಡ್ಡದು ಬಡಿದರೆ ನಡುವಿನದು ಸಣ್ಣದರ ಮೇಲೆ ಹಾಯುತ್ತದೆ. ಆದರೆ ಅದು ಆ ಕ್ಷಣದ ಉರಿ. ಈ ಕೊಡಲಿಯವನು ಉರಿಯಲ್ಲಿ ಹೊಡೆದವನಲ್ಲ. ಮಿರಗ ಯಾವಾಗ ಎಂದು ಅವನಿಗೆ ಗೊತ್ತಿತ್ತು. ಎತ್ತಿನ ಕಾಲು ಹೋದರೆ ಬಿತ್ತನೆ ಹೋಯಿತು, ಬಿತ್ತನೆ ಹೋದರೆ ದೀಪಾವಳಿಗೆ ಸಾಲ, ಸಾಲ ಬಂದರೆ ಬದುವಿನ ವ್ಯಾಜ್ಯ ಬಿಟ್ಟು ಕೈ ಮುಗಿಯುತ್ತಾನೆ, ಇಷ್ಟೂ ದೂರ ನೋಡಿ ಕತ್ತಲಲ್ಲಿ ಎದ್ದು ಬಂದಿದ್ದ. ಏಟು ಬಿದ್ದದ್ದು ಕಾಲಿನ ಮೇಲೆ, ಗುರಿ ಇದ್ದದ್ದು ಇನ್ನೊಂದು ಮನೆಯ ಮುಂದಿನ ಆರು ತಿಂಗಳ ಮೇಲೆ. ತೋಳ ಕುರಿಯನ್ನು ನೋಡುತ್ತದೆ. ಕುರಿಗಾರನ ಮಗಳ ಮದುವೆ ನಿಲ್ಲಿಸಲು ಕುರಿ ಹಿಡಿಯುವ ತೋಳ ಇಲ್ಲ.

ಇನ್ನೊಬ್ಬರ ಒಳಗೆ ಹೊಕ್ಕು ಅವರಿಗೆ ಎಲ್ಲಿ ನೋಯುತ್ತದೆ ಎಂದು ತಿಳಿಯುವ ಈ ಬುದ್ಧಿ ಎಷ್ಟು ಹಳೆಯದೋ. ನಮ್ಮ ಹುಣಸಗಿ ಹತ್ತಿರದ ಇಸಾಂಪುರದಲ್ಲಿ ಪುಣೆಯ ಡೆಕ್ಕನ್ ಕಾಲೇಜಿನ ಕೆ. ಪದ್ದಯ್ಯನವರು ಅಗೆದು ತೆಗೆದ ಕೈಗೊಡಲಿಗಳಿವೆ. ಸುಣ್ಣಕಲ್ಲಿನವು, ಸುಮಾರು 12 ಲಕ್ಷ ವರ್ಷ ಹಳೆಯವು ಎಂದು ಅಳೆದಿದ್ದಾರೆ. ಅವುಗಳಿಂದ ಮನುಷ್ಯ ಮನುಷ್ಯನನ್ನು ಕಡಿದ ಎಂದು ಹೇಳಲು ಬರುವುದಿಲ್ಲ. ಮಾಂಸ ಕೊಯ್ಯಲು, ಗೆಡ್ಡೆ ಅಗೆಯಲು ಮಾಡಿದ್ದಿರಬೇಕು. ಆದರೆ ಕಲ್ಲಿನೊಳಗೆ ಇನ್ನೂ ಇಲ್ಲದ ಕೊಡಲಿಯನ್ನು ಮೊದಲೇ ಕಂಡವನು ಅಲ್ಲಿ ಕೂತಿದ್ದ. ಇಲ್ಲದ್ದನ್ನು ಕಾಣುವ ಕಣ್ಣು ಅದು. ಬಿತ್ತನೆಗೂ ಅದೇ ಬೇಕು, ಎತ್ತಿನ ಕಾಲು ಕಡಿಯಲೂ ಅದೇ ಬೇಕು.

ಈ ಕಣ್ಣಿಟ್ಟುಕೊಂಡು ನಮ್ಮ ಊರನ್ನೇ ನೋಡು. ಬ್ರಿಟಿಷ್ ಅಧಿಕಾರಿ ಫಿಲಿಪ್ ಮೆಡೋಸ್ ಟೇಲರ್ ಸಾಹೇಬ ಇಲ್ಲಿಗೆ ಬರುವ ಮೊದಲೇ, 1839ರಲ್ಲಿ, ಥಗ್ಗರ ಮೇಲೆ ಕಾದಂಬರಿ ಬರೆದು ಹೆಸರಾಗಿದ್ದ. ಥಗ್ಗರ ಕಸುಬು ನಿನಗೆ ಗೊತ್ತು: ದಾರಿಹೋಕರ ಜೊತೆ ದಿನಗಟ್ಟಲೆ ನಡೆಯುವುದು, ಅವರ ಸುಖದುಃಖ ಕೇಳುವುದು, ಒಂದೇ ಒಲೆಯಲ್ಲಿ ಬೇಯಿಸಿ ಉಣ್ಣುವುದು, ನಂಬಿಕೆ ಹುಟ್ಟಿದ ರಾತ್ರಿ ರುಮಾಲು ಬಿಗಿಯುವುದು. ಹುಲಿಯೂ ಹೊಂಚು ಹಾಕುತ್ತದೆ, ಆದರೆ ಜಿಂಕೆಯ ಜೊತೆ ಕೂತು ಅದರ ಮಕ್ಕಳ ಹೆಸರು ಕೇಳುವುದಿಲ್ಲ.

ಆ ಟೇಲರ್ 1853ರವರೆಗೆ ಸುರಪುರದ ಕಾರಭಾರ ನೋಡಿದ. ಬಾಲಕ ರಾಜಾ ವೆಂಕಟಪ್ಪ ನಾಯಕ ಅವನನ್ನು ‘ಅಪ್ಪಾ’ ಎಂದು ಕರೆಯುತ್ತಿದ್ದ. ಟೇಲರನಿಗೂ ಅವನ ಮೇಲೆ ಪ್ರೀತಿ ಇತ್ತು, ಅದು ನಾಟಕವಲ್ಲ, ಅವನ ಆತ್ಮಕಥೆ ಓದಿದರೆ ತಿಳಿಯುತ್ತದೆ. 1858ರ ಫೆಬ್ರುವರಿಯಲ್ಲಿ ಸುರಪುರ ದಂಗೆ ಎದ್ದಿತು. ಸೋತ ರಾಜ ಹೈದರಾಬಾದಿನಲ್ಲಿ ಸೆರೆಸಿಕ್ಕ. ನೋಡಲು ಬಂದ ಟೇಲರನ ಮುಂದೆ, ಕಳ್ಳನ ಹಾಗೆ ಗಲ್ಲಿಗೆ ಹಾಕಬೇಡಿ, ತೋಪಿನ ಬಾಯಿಗೆ ಕಟ್ಟಿ ಹಾರಿಸಿ ಎಂದು ಬೇಡಿಕೊಂಡನಂತೆ. ಜೊತೆಗಿದ್ದವರ ಹೆಸರು ಮಾತ್ರ ಹೇಳಲಿಲ್ಲ. ಗಲ್ಲು ಶಿಕ್ಷೆ ಗಡಿಪಾರಾಯಿತು, ಗಡಿಪಾರು ಗವರ್ನರ್ ಜನರಲ್‌ನ ಸಹಿಯಿಂದ ಚೆಂಗಲ್‌ಪಟ್ಟಿನಲ್ಲಿ ನಾಲ್ಕು ವರ್ಷದ ಸೆರೆಯಾಯಿತು. ಅಲ್ಲಿಗೆ ಒಯ್ಯುವ ದಾರಿಯಲ್ಲಿ ಕಾವಲಿನ ಅಧಿಕಾರಿಯ ರಿವಾಲ್ವರಿನಿಂದ ಹಾರಿದ ಗುಂಡಿಗೆ ರಾಜ ಸತ್ತ. ತಾನೇ ಹಾರಿಸಿಕೊಂಡ ಎಂದು ಟೇಲರ್ ಬರೆದ. ನಮ್ಮೂರಲ್ಲಿ ಬೇರೆ ರೀತಿ ಹೇಳುವವರೂ ಇದ್ದಾರೆ. 1860ರಲ್ಲಿ ಸಂಸ್ಥಾನ ನಿಜಾಮನ ಪಾಲಾಯಿತು. ಒಬ್ಬ ಹುಡುಗನನ್ನು ಮಗನ ಹಾಗೆ ಬೆಳೆಸಿ, ಅವನು ಬೆಳೆದ ನಾಡನ್ನು ಕಾಗದದ ಮೇಲೆ ಇನ್ನೊಬ್ಬರಿಗೆ ದಾಟಿಸುವುದು, ಇದರಲ್ಲಿ ಯಾರ ಕೈಗೂ ರಕ್ತ ಹತ್ತಲಿಲ್ಲ. ಈಗಲೂ ಟೇಲರ್ ಮಂಜಿಲ್ ಗುಡ್ಡದ ಮೇಲೆ ಚೆಂದಗೆ ನಿಂತಿದೆ. ನೀನು ಸಣ್ಣವಳಿದ್ದಾಗ ಕರೆದುಕೊಂಡು ಹೋಗಿದ್ದೆ, ನೆನಪಿದೆಯಾ?

ಇನ್ನೂ ಹಿಂದೆ, 1705ರಲ್ಲಿ, 86 ವರ್ಷದ ಔರಂಗಜೇಬ ಇಲ್ಲೇ ಪಕ್ಕದ ವಾಗಿನಗೇರಿ ಕೋಟೆಗೆ ತಾನೇ ಮುತ್ತಿಗೆ ಹಾಕಲು ಬಂದಿದ್ದ. ಇಲ್ಲಿನ ದೊರೆ ಪಿಡ್ಡ ನಾಯಕನ ಬೇಡರು ಎರಡು ತಿಂಗಳಿಗೂ ಹೆಚ್ಚು ಕಾದಾಡಿ, ಕೊನೆಗೆ ರಾತ್ರೋರಾತ್ರಿ ಬೆಂಕಿ ಹಚ್ಚಿ ಕೋಟೆ ಬಿಟ್ಟು ಹೋದರು. ಬಾದಶಹನಿಗೆ ಸಿಕ್ಕಿದ್ದು ಹೊಗೆ. ಆಮೇಲೆ ದೇವಾಪುರದ ಬಿಡಾರದಲ್ಲಿ ಕಾಯಿಲೆ ಬಿದ್ದು ಮಲಗಿದ. ಹಲ್ಲು ಉದುರಿದ ಮುಸುವ ಹಿಂಡು ಬಿಟ್ಟು ಮರ ಹತ್ತಿ ಕೂಡುತ್ತದೆ. ಹಲ್ಲು ಉದುರಿದ ಮನುಷ್ಯನಿಗೆ ಬೇರೆಯವರ ಹಲ್ಲು ಸಿಗುತ್ತವೆ, ಸಂಬಳಕ್ಕೆ.

1948 ನಾನು ಹುಟ್ಟುವ ಮೊದಲಿನದು. ನನ್ನವ್ವ ಅದನ್ನು ಒಂದೇ ಮಾತಿನಲ್ಲಿ ಹೇಳುತ್ತಿದ್ದಳು: ‘ಮೊದಲು ನಾವು ಬಾಗಲಾ ಹಾಕ್ಕೊಂಡು ಕೂತಿವಿ, ಆಮ್ಯಾಲ ಅವರು ಹಾಕ್ಕೊಂಡು ಕೂತರು.’ ಮೊದಲು ನಿಜಾಮನ ಕಡೆಯ ರಜಾಕಾರರ ಹಾವಳಿ. ಸೆಪ್ಟೆಂಬರ್ 17ಕ್ಕೆ ನಿಜಾಮ ಭಾರತದ ಸೇನೆಗೆ ಶರಣಾದಮೇಲೆ ಮುಸಲ್ಮಾನರ ಮೇಲೆ ಸೇಡು. ನೆಹರೂ ಸರ್ಕಾರ ಕಳಿಸಿದ ಪಂಡಿತ ಸುಂದರಲಾಲ್ ಸಮಿತಿ, ಕಡಿಮೆ ಹಿಡಿದರೂ 27,000ದಿಂದ 40,000 ಜನ ಸತ್ತಿರಬೇಕು ಎಂದು ವರದಿ ಕೊಟ್ಟಿತು. ಬಹಳ ಹಾನಿಯಾದ ನಾಲ್ಕು ಜಿಲ್ಲೆಗಳಲ್ಲಿ ನಮ್ಮ ಆಗಿನ ಗುಲಬರ್ಗಾವೂ ಒಂದು. ಆ ವರದಿ ದಶಕಗಟ್ಟಲೆ ಕಪಾಟಿನಲ್ಲೇ ಉಳಿಯಿತು. ಸತ್ತವರಲ್ಲಿ ಎಷ್ಟು ಜನಕ್ಕೆ ರಜಾಕಾರರ ಮುಖಂಡ ಕಾಸಿಂ ರಜ್ವಿಯ ಮುಖ ಗೊತ್ತಿತ್ತು? ಚಿಂಪಾಂಜಿ ಎದುರಿಗೆ ಸಿಕ್ಕವನನ್ನು ಕೊಲ್ಲುತ್ತದೆ. ಮನುಷ್ಯ ಒಬ್ಬನ ಲೆಕ್ಕವನ್ನು ಅವನ ಹೆಸರಿನಂಥ ಹೆಸರಿನವರೆಲ್ಲರ ಖಾತೆಗೆ ಬರೆಯುತ್ತಾನೆ. ಎತ್ತು ಏನು ಮಾಡಿತ್ತು ಎಂದು ಕೇಳಿದವನ ಮಾತು ನನಗೆ ನೆನಪಾಗುವುದು ಇಲ್ಲೇ.

ಎತ್ತಿನ ಕಥೆ ಮುಗಿದಿರಲಿಲ್ಲ. ಮೂರನೇ ರಾತ್ರಿ, ಹತ್ತು ಹೊಡೆದಿರಬೇಕು, ದವಾಖಾನಿಯ ಹಿಂದಿನ ಬಾಗಿಲು ಯಾರೋ ಬಡಿದರು. ತಲೆಗೆ ರುಮಾಲು ಸುತ್ತಿದ ಒಬ್ಬಾತ. ಕೈಯಲ್ಲಿ ಒಂದು ಪೆಂಟಿ ಬೆಲ್ಲ. ಒಳಗೆ ಬರಲಿಲ್ಲ, ಹೊಸ್ತಿಲ ಹೊರಗೇ ನಿಂತು ‘ಎತ್ತು ಉಳೀತೇನ್ರಿ?’ ಎಂದ. ಹೆಸರು ಕೇಳುವ ಕಾರಣವೇ ಇರಲಿಲ್ಲ. ಉಳಿಯುತ್ತದೆ, ನೇಗಿಲಿಗೆ ಬರುವುದಿಲ್ಲ ಎಂದೆ. ಬೆಲ್ಲ ಕೊಟ್ಟು, ಅದಕ್ಕೆ ತಿನ್ನಿಸ್ರಿ, ನಾ ಬಂದಿದ್ದು ಹೇಳಬ್ಯಾಡ್ರಿ ಅಂದು ಹೋದ. ಒಳಗೆ ಹೋಗಿ ಕಂದೀಲು ಎತ್ತಿ ನೋಡಿದೆ. ದವಡೆ ಮೆಲ್ಲಗೆ ಅಲುಗಾಡುತ್ತಿತ್ತು.

ಮರಿ ಕೊಂದ ಮುಸುವ ಮರುದಿನ ತಾಯಿಯ ಹತ್ತಿರ ಬಂದು ಕೇಳುವುದಿಲ್ಲ. ಇವನು ಬಂದ. ಯಾವ ಬುದ್ಧಿ ಮಿರಗದ ಲೆಕ್ಕ ಹಾಕಿ ಕೊಡಲಿ ಎತ್ತಿಸಿತೋ ಅದೇ ಬುದ್ಧಿ ಅವನನ್ನು ಮೂರು ರಾತ್ರಿ ನಿದ್ದೆಗೆಡಿಸಿ ಬೆಲ್ಲ ಹೊರಿಸಿ ಕಳಿಸಿತ್ತು. ಎರಡಕ್ಕೂ ಬೇಕಾದದ್ದು ಒಂದೇ: ಇನ್ನೊಬ್ಬರ ನೋವು ಗೊತ್ತಾಗುವುದು. ಹೊಡೆಯುವ ಮೊದಲು ಗೊತ್ತಾದರೆ ಹೊಡೆತ ಇನ್ನೂ ಸರಿಯಾಗಿ ಬೀಳುತ್ತದೆ, ಹೊಡೆದ ಮೇಲೆ ಗೊತ್ತಾದರೆ ಹೀಗೆ ಹಿಂದಿನ ಬಾಗಿಲಿಗೆ ತಂದು ನಿಲ್ಲಿಸುತ್ತದೆ.

ಇದನ್ನು ಯಾರಿಗೂ ಹೇಳಿರಲಿಲ್ಲ. ಕೇಸ್ ಕೋರ್ಟಿಗೆ ಹೋಯಿತು, ಆಗಿನ ಐಪಿಸಿ 429ನೇ ಕಲಂ. ನೀನು ಓದಿರುತ್ತೀ, ಆ ಕಲಂ ಇದ್ದದ್ದು ಆಸ್ತಿಯ ಅಪರಾಧಗಳ ಅಧ್ಯಾಯದಲ್ಲಿ. ಕಾನೂನಿನ ಪ್ರಕಾರ ಏಟು ಬಿದ್ದದ್ದು ಎತ್ತಿಗಲ್ಲ, ಒಡೆಯನ ಬೆಲೆಗೆ. ಸಾಕ್ಷಿಗೆ ನನ್ನನ್ನೂ ಕರೆದರು. ‘ಹರಿತವಾದ ಆಯುಧದಿಂದ ಆದ ಗಾಯ’ ಎಂದು ಸರ್ಟಿಫಿಕೇಟಿನಲ್ಲಿ ಬರೆದದ್ದನ್ನು ಓದಿ ಹೇಳಿ ಇಳಿದು ಬಂದೆ. ರಾತ್ರಿ ಬಂದವನು ಎದುರಿಗೇ ನಿಂತಿದ್ದ. ಅವನು ನನ್ನನ್ನು ನೋಡಿದ, ನಾನು ಜಡ್ಜ್ ಸಾಹೇಬರ ಮೇಜು ನೋಡಿದೆ. ಸಾಕ್ಷಿ ಸಾಲದೆ ಕೇಸ್ ಬಿದ್ದುಹೋಯಿತು. ಎತ್ತು ಕುಂಟುತ್ತಾ ಸಂತೆಗೆ ಹೋಯಿತು. ಅದರ ಒಡೆಯ ಬದು ಬಿಟ್ಟುಕೊಟ್ಟ. ಆಮೇಲೆ ಎಷ್ಟೋ ವರ್ಷ ಸಂತೆಯಲ್ಲಿ ನನಗೆ ನಮಸ್ಕಾರ ಮಾಡುತ್ತಿದ್ದ. ಪಶ್ಚಾತ್ತಾಪ ಪಟ್ಟವನನ್ನು ಕಾಪಾಡಿದೆ ಎಂದು ನನಗೆ ನಾನೇ ಹೇಳಿಕೊಂಡಿದ್ದೆ. ಈಗ ಅನಿಸುತ್ತದೆ, ಅಂದು ಕೊಡಲಿಯ ಕೆಲಸ ಪೂರ್ತಿ ಮಾಡಿಕೊಟ್ಟವನು ನಾನೇ.

ನಿನ್ನ ಪತ್ರವನ್ನು ನಾಲ್ಕು ಸಲ ಓದಿದೆ, ಯವ್ವ. ಹೊಡೆದವರ ಶರ್ಟಿನ ಬಣ್ಣ ಬರೆದಿದ್ದೀ. ಹುಡುಗನ ಚಪ್ಪಲಿ ಎಲ್ಲಿ ಬಿದ್ದಿತ್ತು ಬರೆದಿದ್ದೀ. ಬೆಲ್ಟಿನ ಬಕಲ್ ಹಿತ್ತಾಳೆಯದು ಎಂದೂ ಬರೆದಿದ್ದೀ. ಅಷ್ಟು ಹತ್ತಿರ ನಿಂತಿದ್ದಿ. ನೀನು ಏನು ಮಾಡಿದಿ ಎಂಬುದೊಂದನ್ನು ಬರೆದಿಲ್ಲ. 112ಕ್ಕೆ ಫೋನ್ ಹಚ್ಚಿದಿಯಾ, ಒಂದು ಮಾತು ಕೂಗಿದಿಯಾ, ನಿನ್ನ ಕೈಯಲ್ಲೂ ಮೊಬೈಲ್ ಎತ್ತಿತ್ತಾ, ಆಮೇಲೆ ಆ ಹುಡುಗ ಯಾವ ದವಾಖಾನಿಯಲ್ಲಿದ್ದಾನೆ ಎಂದು ಕೇಳಿದಿಯಾ, ಯಾವುದೂ ಇಲ್ಲ. ಬೈಯುವುದಕ್ಕೆ ಕೇಳುತ್ತಿಲ್ಲ. ಬೈಯುವ ಮುಖ ನನಗಿಲ್ಲ ಎಂದು ಮೇಲೆಯೇ ಬರೆದಿದ್ದೇನೆ.

ಪಂಚಮಿಯ ಉಂಡಿ ಡಬ್ಬಿಯಲ್ಲಿ ಕಟ್ಟಿ ಬಸ್ಸಿನಲ್ಲಿ ಕಳಿಸುತ್ತಿದ್ದೇವೆ, ಶೇಂಗಾದ್ದು ನಿನಗೆ, ಎಳ್ಳಿನದು ರೂಮಿನವರಿಗೆ. ಮುಂದಿನ ಪತ್ರದಲ್ಲಿ ಆ ಬಿಟ್ಟುಹೋದದ್ದನ್ನು ಬರಿ. ಫೋನಿನಲ್ಲಿ ಬೇಡ.

ನಿನ್ನ
ಮುತ್ಯಾ